ಬೇಡದ ಓಲೆ, ಕಾಣದ ಕಳ್ಳ

ಒಂದು ಕಾಗದವನ್ನು ಅಂಚೆಗೆ ಹಾಕಬೇಕಾದರೆ ಲಕೋಟೆಗೂ ಅಂಚೆಚೀಟಿಗೂ ದುಡ್ಡು ತೆರಬೇಕು. ಸಾವಿರ ಜನಕ್ಕೆ ಬರೆಯುವುದಾದರೆ ಸಾವಿರ ಪಾಲು ಖರ್ಚು, ಸಾವಿರ ಪಾಲು ಶ್ರಮ. ಆದಕಾರಣ ಬರೆಯುವವನು ಒಮ್ಮೆ ಯೋಚಿಸುತ್ತಾನೆ. ಇ-ಮೇಲಿಗೆ ಈ ಅಂಕುಶವಿಲ್ಲ. ಒಬ್ಬನಿಗೆ ಕಳುಹಿಸುವುದಕ್ಕೂ ಲಕ್ಷ ಜನರಿಗೆ ಕಳುಹಿಸುವುದಕ್ಕೂ ತಗಲುವ ವೆಚ್ಚದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಲಕ್ಷದಲ್ಲಿ ಹತ್ತು ಮಂದಿ ನಂಬಿದರೂ ಕಳುಹಿಸಿದವನಿಗೆ ಲಾಭವೇ. ದಿನಬೆಳಗಾದರೆ ನಿಮ್ಮ ಮನೆಯ ಮೊಬೈಲಿಗೂ ಕಂಪ್ಯೂಟರಿಗೂ ಬಂದು ಬೀಳುವ ಬೇಡದ ಓಲೆಗಳಿಗೆ ಮೂಲಕಾರಣವಿದು.

ಈ ಪಿಡುಗು ಇಂದು ನಿನ್ನೆಯದಲ್ಲ. ೧೯೭೮ನೆಯ ಇಸವಿ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬಾತನು ತನ್ನ ಸಂಸ್ಥೆಯ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು ೪೦೦ ಮಂದಿಗೆ, ಅವರು ಕೇಳದೆಯೇ, ಒಮ್ಮೆಗೇ ಕಳುಹಿಸಿದನು. ಇದನ್ನೇ ಮೊದಲನೆಯ ಬೇಡದ ಇ-ಮೇಲ್ ಎಂದು ಎಣಿಸುತ್ತಾರೆ. ಇಂಥ ಓಲೆಗೆ ಈಗ ರೂಢಿಯಲ್ಲಿರುವ ‘ಸ್ಪ್ಯಾಮ್’ ಎಂಬ ಹೆಸರು ೧೯೩೭ರಲ್ಲಿ ಮಾರುಕಟ್ಟೆಗೆ ಬಂದ ಒಂದು ಡಬ್ಬಿ ಮಾಂಸದ್ದು. ೧೯೭೦ರಲ್ಲಿ ಇಂಗ್ಲೆಂಡಿನ ಟೆಲಿವಿಷನ್ನಿನಲ್ಲಿ ಒಂದು ಪ್ರಹಸನ ಬಂದಿತು. ಅದರಲ್ಲಿ ಹೋಟೆಲಿನ ಯಾವ ತಿಂಡಿಯನ್ನು ಕೇಳಿದರೂ ಈ ಮಾಂಸ ಬಿಡದೆ ಬೆನ್ನು ಹತ್ತುತ್ತದೆ. ಕೇಳದೆಯೇ ಬಂದು ಬಡಿಸಿಕೊಳ್ಳುವ ಓಲೆಗೆ ಆ ಹೆಸರೇ ಅಂಟಿಕೊಂಡಿತು.

ಬರಿಯ ಜಾಹೀರಾತು ಕಿರಿಕಿರಿ ಮಾತ್ರ. ಅದರ ವೇಷದಲ್ಲಿ ಬರುವ ಮೋಸವೇ ಅಪಾಯ. ಕೋಟಿಗಟ್ಟಲೆ ಹಣದ ಆಸೆ ತೋರಿಸಿ ಮುಂಗಡ ಕೀಳುವ ಓಲೆಗಳಿಗೆ ಲೋಕವೆಲ್ಲ ‘೪೧೯’ ಎನ್ನುತ್ತದೆ. ಅದು ನೈಜೀರಿಯ ದೇಶದ ದಂಡಸಂಹಿತೆಯ ಒಂದು ಕಲಮಿನ ಸಂಖ್ಯೆ. ನಮ್ಮಲ್ಲಿ ‘ಫೋರ್‌ಟ್ವೆಂಟಿ’ ಎಂಬ ಬೈಗುಳ ಹುಟ್ಟಿದ್ದೂ ಹಾಗೆಯೇ. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದು, ವಂಚನೆಯ ಕಲಮು ೩೧೮ ಆಗಿದೆ. ಕಲಮಿನ ಸಂಖ್ಯೆ ಬದಲಾಯಿತು, ಕಸುಬು ಬದಲಾಗಲಿಲ್ಲ.

ಮೀನನ್ನು ನೋಡಿ ಗಾಳಕ್ಕೆ ಎರೆ ಸಿಕ್ಕಿಸುವಂತೆ, ವಂಚಕನು ನಮ್ಮ ಅಗತ್ಯವನ್ನು ನೋಡಿ ಓಲೆ ಬರೆಯುತ್ತಾನೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವ ಮನೆಗೆ ಕರೆಂಟೇ ಅನ್ನ. ‘ಹಳೆಯ ಬಿಲ್ ಬಾಕಿಯಿದೆ, ಇಂದು ರಾತ್ರಿ ಸಂಪರ್ಕ ಕಡಿಯಲಾಗುವುದು, ಈ ಸಂಖ್ಯೆಗೆ ಕರೆಮಾಡಿ’ ಎಂಬ ಸುಳ್ಳು ಸಂದೇಶ ಅಲ್ಲಿ ಎದೆ ನಡುಗಿಸುತ್ತದೆ. ದೇವನಹಳ್ಳಿಯ ಸುತ್ತಿನ ತರುಣರಿಗೆ ವಿಮಾನ ನಿಲ್ದಾಣದಲ್ಲಿ ಕೆಲಸವೆಂಬ ನೇಮಕದ ಪತ್ರ ಬಂದರೆ, ನೋಂದಣಿ ಶುಲ್ಕವೆಂದು ಕೇಳಿದ ಕೆಲವು ಸಾವಿರವು ದೊಡ್ಡದೆನಿಸುವುದಿಲ್ಲ. ಜಮೀನಿನ ಪರಿಹಾರದ ಹಣ ಬ್ಯಾಂಕಿನಲ್ಲಿರುವವರಿಗೆ ಷೇರಿನಲ್ಲಿ ದುಪ್ಪಟ್ಟು ಮಾಡಿಕೊಡುವ ವಾಟ್ಸಾಪ್ ಗುಂಪಿನ ಕರೆ. ಹೊಸಕೋಟೆಯ ಮನೆಗಳಿಗೆ ‘ನಿಮ್ಮ ಪಾರ್ಸಲ್ ತಡೆಯಲ್ಪಟ್ಟಿದೆ, ವಿಳಾಸ ಸರಿಪಡಿಸಿ’ ಎಂಬ ಕೊಂಡಿ. ನೆಲಮಂಗಲದ ಲಾರಿ ಮಾಲೀಕರಿಗೆ ಸಂಚಾರ ದಂಡದ ಚಲನ್ ಎಂದು ಒಂದು ಕಡತ. ಅದರ ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿರುತ್ತದೆ. ಅದು ಚಲನ್ ಅಲ್ಲ. ಮೊಬೈಲಿನೊಳಕ್ಕೆ ಹೊಕ್ಕು ಒಟಿಪಿಗಳನ್ನು ಕದಿಯುವ ಆ್ಯಪ್.

ಎಲ್ಲದರಲ್ಲಿಯೂ ಸಮಾನವಾದುದು ಒಂದು: ಅವಸರ. ‘ಇಂದೇ, ಈಗಲೇ, ಯಾರಿಗೂ ಹೇಳದೆ.’ ಪೊಲೀಸರ ವೇಷದಲ್ಲಿ ವಿಡಿಯೋ ಕರೆಮಾಡಿ, ‘ಡಿಜಿಟಲ್ ಅರೆಸ್ಟ್’ ಮಾಡಿರುವೆವೆಂದು ಹೆದರಿಸಿ, ವೃದ್ಧರನ್ನು ಕೋಣೆಯಿಂದ ಅಲುಗದಂತೆ ಕೂಡಿಸುವವರ ಬಲವೂ ಇದೇ. ಇಂಥ ದಸ್ತಗಿರಿ ನಮ್ಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ. ೨೦೨೪ರ ಅಕ್ಟೋಬರ್ ೨೭ರಂದು ರೇಡಿಯೋದಲ್ಲಿ ಪ್ರಸಾರವಾದ ‘ಮನ್ ಕಿ ಬಾತ್’ ಭಾಷಣದಲ್ಲಿ ಪ್ರಧಾನಿಯವರು ಈ ಮಾತನ್ನೇ ಹೇಳಿ, ಮೊದಲು ನಿಲ್ಲಿ, ಆಮೇಲೆ ಯೋಚಿಸಿ, ಬಳಿಕ ಕ್ರಮ ಕೈಗೊಳ್ಳಿ ಎಂದು ಬುದ್ಧಿವಾದ ಹೇಳಿದರು. ನಮ್ಮ ಲಾರಿಗಳ ಬೆನ್ನ ಮೇಲೆ ‘ಅವಸರವೇ ಅಪಘಾತಕ್ಕೆ ಕಾರಣ’ ಎಂದು ಬರೆದಿರುತ್ತದಲ್ಲವೆ? ಅದು ಮೊಬೈಲಿಗೂ ಸಲ್ಲುವ ಮಾತು.

ಓಲೆ ನಿಜವೋ ಸುಳ್ಳೋ ಎಂದು ತಿಳಿಯುವ ಬಗೆ ಹೇಗೆ? ವ್ಯಾಕರಣದ ಒಂದು ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ತತ್ಪುರುಷ ಸಮಾಸದಲ್ಲಿ ಉತ್ತರಪದಕ್ಕೆ ಪ್ರಾಧಾನ್ಯ. ಅರಮನೆ ಎಂದರೆ ಅರಸನ ಮನೆ. ಮುಂದೆ ಅರಸನಿದ್ದರೂ ಅದು ಮನೆಯೇ ಹೊರತು ಅರಸನಲ್ಲ. ಅಂತರ್ಜಾಲದ ವಿಳಾಸವನ್ನೂ ಹೀಗೆಯೇ ಬಲಗಡೆಯಿಂದ ಓದಬೇಕು. ಆರಂಭದ ಜೋಡಿ ಓರೆಗೆರೆಗಳನ್ನು ದಾಟಿ, ಮುಂದಿನ ಒಂಟಿ ಓರೆಗೆರೆ ಬರುವಷ್ಟರಲ್ಲಿ ಕೊನೆಗಿರುವ ಪದಗಳಾವುವು ನೋಡಿ. ಸರ್ಕಾರದ ತಾಣವಾದರೆ ಅಲ್ಲಿ ‘ಜಿಒವಿ.ಇನ್’ ಎಂದಿರುವುದು ಸಾಮಾನ್ಯ. ಬ್ಯಾಂಕುಗಳು ೨೦೨೫ರ ಅಕ್ಟೋಬರ್ ೩೧ರೊಳಗಾಗಿ ತಮ್ಮ ತಾಣಗಳನ್ನು ‘ಬ್ಯಾಂಕ್.ಇನ್’ ಎಂಬ ಕೊನೆಗೆ ಸಾಗಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಅಪ್ಪಣೆ ಮಾಡಿತು. ಬ್ಯಾಂಕಿನ ಹೆಸರು ಮುಂದಿದ್ದು ಕೊನೆಯಲ್ಲಿ ಕೇಳರಿಯದ ಹೆಸರಿದ್ದರೆ, ಆ ಮನೆ ಬ್ಯಾಂಕಿನದಲ್ಲ.

ಆದರೂ ಬೆಳ್ಳಗಿರುವುದೆಲ್ಲ ಹಾಲಲ್ಲ. ಹಣದ ಮಾತು ಬಂದರೆ ಓಲೆಯೊಳಗಿನ ಕೊಂಡಿಯನ್ನು ಒತ್ತದೆ, ಅಲ್ಲಿ ಕೊಟ್ಟ ಸಂಖ್ಯೆಗೆ ಕರೆಮಾಡದೆ, ಹಳೆಯ ಬಿಲ್ಲಿನ ಅಥವಾ ಪಾಸ್‌ಬುಕ್ಕಿನ ಮೇಲಿರುವ ಸಂಖ್ಯೆಯನ್ನು ವಿಚಾರಿಸಿರಿ. ಒಟಿಪಿಯನ್ನು ಯಾರಿಗೂ ಹೇಳತಕ್ಕದ್ದಲ್ಲ. ಯುಪಿಐ ಪಿನ್ ಹಣ ಕೊಡುವುದಕ್ಕೆ ಮಾತ್ರ ಬೇಕು; ಹಣ ಪಡೆಯುವುದಕ್ಕೆ ಬೇಡ. ಬೇಡದ ಇ-ಮೇಲನ್ನು ಬರಿದೆ ಅಳಿಸುವ ಬದಲು ‘ಸ್ಪ್ಯಾಮ್’ ಎಂದು ಗುರುತು ಹಾಕಿದರೆ, ಅಂಥವನ್ನು ಮುಂದೆ ಬೇರೆಯಾಗಿ ಇರಿಸಲು ಯಂತ್ರಕ್ಕೆ ಅಭ್ಯಾಸವಾಗುತ್ತದೆ. ಗುರುತಿಲ್ಲದವರ ಓಲೆಗೆ ‘ಇನ್ನು ಕಳುಹಿಸಬೇಡಿ’ ಎಂದು ಉತ್ತರಿಸಲೂಬಾರದು; ಈ ವಿಳಾಸದಲ್ಲಿ ಓದುವವರಿದ್ದಾರೆಂದು ಅವನಿಗೆ ನಾವೇ ತಿಳಿಸಿದಂತಾಗುತ್ತದೆ. ಜಾಹೀರಾತಿನ ಕರೆಗಳನ್ನು ತಡೆಯಲು ೧೯೦೯ ಸಂಖ್ಯೆಯಿದೆ.

ಇಷ್ಟಾದರೂ ಹಣ ಹೋಯಿತೆನ್ನಿ. ಆಗ ನೀತಿ ತಿರುಗುಮುರುಗಾಗುತ್ತದೆ. ಕೊಡುವ ಮೊದಲು ನಿಧಾನವೇ ಪ್ರಧಾನ. ಹೋದ ಮೇಲೆ ಒಂದು ಗಳಿಗೆಯೂ ತಡವಾಗಬಾರದು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಓಡುತ್ತದೆ. ೧೯೩೦ಕ್ಕೆ ಕರೆಮಾಡಿದೊಡನೆ ಪೊಲೀಸರಿಂದ ಬ್ಯಾಂಕುಗಳಿಗೆ ಸುದ್ದಿ ಮುಟ್ಟಿ, ಹಣ ಎಲ್ಲಿದೆಯೋ ಅಲ್ಲಿಯೇ ಹಿಡಿದಿಡುವ ಏರ್ಪಾಡಿದೆ. ಅನಂತರ ಜಿಲ್ಲೆಯ ಸೈಬರ್ ಅಪರಾಧದ ಠಾಣೆಗೆ ದೂರು ಕೊಡಬೇಕು. ಇಂಥ ಠಾಣೆ ಭಾರತದಲ್ಲಿ ಮೊದಲು ಆದದ್ದು ೨೦೦೧ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ. ಬ್ಯಾಂಕಿಗೂ ಬರೆದು ತಿಳಿಸಿರಿ. ರಿಸರ್ವ್ ಬ್ಯಾಂಕ್ ೨೦೧೭ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಗ್ರಾಹಕನ ತಪ್ಪಿನಿಂದಲೇ ಹಣ ಹೋಗಿದ್ದರೂ, ಅವನು ತಿಳಿಸಿದ ಬಳಿಕ ಆಗುವ ನಷ್ಟವನ್ನು ಬ್ಯಾಂಕೇ ಹೊರಬೇಕು.

‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆಯನ್ನು ಇಂಥ ಸಮಯದಲ್ಲಿ ಮನೆಯವರು ಆಡಬಾರದು. ಮೋಸಹೋದ ತಂದೆಯೋ ಅತ್ತೆಯೋ ಮಗನೋ ಎಲ್ಲಿ ಬೈಗುಳ ಬೀಳುವುದೋ ಎಂದು ನಾಚಿ ಎರಡು ದಿನ ಬಾಯಿ ಮುಚ್ಚಿಕೊಂಡರೆ, ಕಳ್ಳನಿಗೆ ಬೇಕಾದದ್ದೂ ಆ ಎರಡು ದಿನವೇ. ಓದಿಕೊಂಡವರೂ ಅಧಿಕಾರಿಗಳೂ ಈ ಬಲೆಗೆ ಬಿದ್ದಿದ್ದಾರೆ. ಆದುದರಿಂದ ಇಂದೇ ಮನೆಮಂದಿಯನ್ನೆಲ್ಲ ಕೂಡಿಸಿ, ‘ಏನೇ ಆಗಿದ್ದರೂ ಒಡನೆ ಹೇಳಿ, ಯಾರೂ ಬೈಯುವುದಿಲ್ಲ’ ಎಂದು ಮಾತು ಕೊಡಿರಿ; ೧೯೩೦ ಎಂಬ ಸಂಖ್ಯೆಯನ್ನು ರೇಡಿಯೋದ ಪಕ್ಕದ ಗೋಡೆಯ ಮೇಲೆ, ವೃದ್ಧರ ಕಣ್ಣಿಗೂ ಕಾಣುವಷ್ಟು ದಪ್ಪನಾಗಿ ಬರೆದಿಡಿರಿ.