ಜಲ್ಲಿ ಆಗಬೇಕೇ ನಾಲ್ಕು ಸಾವಿರ ವರ್ಷದ ಮನೆಗಳು?

ಬಳ್ಳಾರಿಯ ಕಿರಾಣಿ ಅಂಗಡಿಗಳಲ್ಲಿ ಹುರುಳಿ, ಹೆಸರುಕಾಳು ತೂಗುವವರಿಗೂ ತೂಗಿಸಿಕೊಳ್ಳುವವರಿಗೂ ಒಂದು ಸಂಗತಿ ಗೊತ್ತಿರಲಿ. ಇದೇ ಕಾಳುಗಳನ್ನು ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ, ಊರ ಪಕ್ಕದ ಸಂಗನಕಲ್ಲು ಗುಡ್ಡಗಳ ಮೇಲಿದ್ದ ಜನ ಬೇಯಿಸಿ ಉಣ್ಣುತ್ತಿದ್ದರು. ಜೊತೆಗೆ ಕೊರಲೆ. ಇದು ಬಾಯಿಮಾತಲ್ಲ, ಸುಟ್ಟು ಕರಿಕಾದ ಕಾಳೇ ಅಲ್ಲಿನ ಮಣ್ಣಲ್ಲಿ ಸಿಕ್ಕಿದೆ.

ಗುಡ್ಡದ ಮೇಲೆ ಏನೈತಿ, ಬರೀ ಕಲ್ಲು ಅನ್ನುವವರೇ ಜಾಸ್ತಿ. ಕಲ್ಲೇ, ಸುಳ್ಳಲ್ಲ. ಆದರೆ ಆ ಬಂಡೆಗಳ ನಡುವೆ ಸಮ ಜಾಗ ನೋಡಿ ದುಂಡಗೆ ಗುಡಿಸಲು ಹಾಕಿದ್ದರು. ನೆಲ ಬಡಿದು ಗಟ್ಟಿ ಮಾಡಿ, ಸುತ್ತ ಗೂಟ ನೆಟ್ಟು, ತಡಿಕೆಗೆ ಮಣ್ಣು ಮೆತ್ತಿದ ಮನೆಗಳು. ಗೂಟ, ತಡಿಕೆ ಎಲ್ಲ ಮಣ್ಣಾಯಿತು. ಗೂಟದ ಕುಳಿ, ನೆಲಗಟ್ಟು, ಕಲ್ಲಿನ ಸಾಲು ಉಳಿದವು. ಇದೇ ಜಿಲ್ಲೆಯ ತೆಕ್ಕಲಕೋಟೆ ಗುಡ್ಡದಲ್ಲೂ ಹೀಗೇ. ಅಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ಅಗೆದಾಗ ಕಿವಿಗೆ ಹಾಕುವ ಚಿನ್ನದ ಒಡವೆ ಕೂಡ ಸಿಕ್ಕಿತು. ಗುಡಿಸಲಿನವರು ಅಂತ ಹಗುರ ಮಾಡಬೇಡಿ.

(ಕೊಪ್ಪಳ ಕಡೆಯ ಹಿರೇಬೆಣಕಲ್ಲಿನ 'ಮೋರ್ಯರ ಮನೆ' ಬೇರೆ. ಹೆಸರಿಗೆ ಮನೆ, ಅಸಲಿಗೆ ಸಮಾಧಿ, ಕಾಲವೂ ಈಚಿನದು.)

ಸಂಗನಕಲ್ಲಿನ ಹಿರೇಗುಡ್ಡವಂತೂ ಆಗಿನ ಕಾಲದ ಕಾರ್ಖಾನೆ. ಗ್ರಾನೈಟ್ ಬಂಡೆ ಸೀಳಿಕೊಂಡು ಹೋದ ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟೆ ಅಲ್ಲಿದೆ. ಅದನ್ನು ಒಡೆದು ಕೊಡಲಿ ಮಾಡುತ್ತಿದ್ದರು. ಒಡೆದ ಚಕ್ಕೆಗಳು ರಾಶಿ ರಾಶಿ. ಬಂಡೆಗಳ ಮೇಲೆ ಕೊಡಲಿ ಮಸೆದ ಗುಳಿಗಳು. ಕೆಲವು ಕರಿಕಲ್ಲು ಬಡಿದರೆ ಗಂಟೆಯ ನಾದ ಬರುತ್ತದೆ. ಅವುಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ ಬಗ್ಗೆ ಫಾಸೆಟ್ ಎಂಬ ಬ್ರಿಟಿಷ್ ಅಧಿಕಾರಿ 1892ರಲ್ಲೇ ಬರೆದಿದ್ದ.

ಕಲ್ಲು ಒಡೆಯುವುದು ಅವರಿಗೂ ಹೊಟ್ಟೆಪಾಡು, ಇವತ್ತಿನ ಕ್ವಾರಿ ಕೂಲಿಯವನಿಗೂ ಹೊಟ್ಟೆಪಾಡು. ಅವನ ಮೇಲೆ ಹರಿಹಾಯ್ದು ಏನು ಬಂತು? ಆದರೆ ಅವರು ಕೈಯಲ್ಲಿ ಒಡೆದರು, ಈಗಿನದು ಸಿಡಿಮದ್ದು. 2000ದ ನಂತರ ಇಲ್ಲಿ ಕೆಲಸ ಮಾಡಿದ ಧಾರವಾಡದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮೊದಲಾದವರು, ಗ್ರಾನೈಟ್ ಕ್ವಾರಿಗಳಿಂದ ಈ ಜಾಗ ಹಾಳಾಗುತ್ತಿದೆ ಎಂದು ಬರೆದು ಎಚ್ಚರಿಸಿದರು. ಕೊಡಲಿಯನ್ನಾದರೆ ಎತ್ತಿಡಬಹುದು, ಊರಲ್ಲೇ ಇರುವ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ, ಹೋಗಿ ನೋಡಿ. ಗುಡಿಸಲಿನ ನೆಲವನ್ನು ಎಲ್ಲಿಗೆ ಎತ್ತಿಡುತ್ತೀರಿ?

ಕ್ವಾರಿಗೆ ಲೈಸೆನ್ಸ್ ಬರೆಯುವ ಸಾಹೇಬರು ನಕ್ಷೆಯ ಮೇಲೆ ಗೆರೆ ಎಳೆಯುವ ಮುಂಚೆ ಒಮ್ಮೆ ಗುಡ್ಡ ಹತ್ತಲಿ. ಬೆಳಿಗ್ಗೆ ಬೇಗನೆ ಹತ್ತಬೇಕು. ನಮ್ಮ ಬಿಸಿಲಿಗೆ ಹತ್ತು ಗಂಟೆ ದಾಟಿದರೆ ಆ ಬಂಡೆ ಕಾದ ಹೆಂಚು.