ಪ್ರಸಾಧನವೂ ಸೂಕ್ಷ್ಮ ಚರ್ಮವೂ

ಅಲಂಕರಿಸಿಕೊಳ್ಳಬೇಕೆಂಬ ಆಸೆ ಮನುಷ್ಯನಷ್ಟೇ ಹಳೆಯದು. ಹಾನಗಲ್ಲಿನ ಕದಂಬರು ಸಾಮಂತರಾಗಿದ್ದುದು ಕಲ್ಯಾಣದ ಚಾಲುಕ್ಯರಿಗೆ. ಆ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನೀತಿಯ ಜೊತೆಗೆ ಮೈಗೆ ಪೂಸುವ ವಿಲೇಪನಗಳ ವಿಚಾರವೂ ಬರುತ್ತದೆ. ಅರಮನೆಯ ಆ ವಿದ್ಯೆ ಇಂದು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸಂತೆಗೆ ಇಳಿದು ಬಂದಿದೆ. ಬಳೆ ರಿಬ್ಬನ್ನುಗಳ ಪಕ್ಕದಲ್ಲಿಯೇ ಕುಂಕುಮದ ರಾಶಿ, ಟಿಕಳಿಯ ಹಾಳೆ, ಕಾಡಿಗೆಯ ಡಬ್ಬಿ, ಕೂದಲಿಗೆ ಹಚ್ಚುವ ಕಪ್ಪು ಪುಡಿ, ಮುಖ ಬೆಳ್ಳಗಾಗಿಸುವೆನೆಂದು ಹೇಳಿಕೊಳ್ಳುವ ಕ್ರೀಮು ಎಲ್ಲವೂ ದೊರೆಯುತ್ತವೆ. ಕೊಳ್ಳುವವರು ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ. ಇದು ನನ್ನ ಚರ್ಮಕ್ಕೆ ಒಗ್ಗೀತೇ ಎಂಬ ಪ್ರಶ್ನೆ ಮಾತ್ರ ಬಹುಮಟ್ಟಿಗೆ ತುರಿಕೆ ಎದ್ದ ಮೇಲೆಯೇ ಹುಟ್ಟುತ್ತದೆ.

ಸೂಕ್ಷ್ಮ ಚರ್ಮವೆಂದು ನಾವು ಹೇಳುವ ಮಾತಿನೊಳಗೆ ಎರಡು ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು ಬರಿಯ ಉರಿ. ನೆರೆಯ ಬ್ಯಾಡಗಿಯ ಕಾಯಿ ಬಣ್ಣಕ್ಕೆ ಹೆಸರಾದುದು, ಖಾರದಲ್ಲಿ ಸೌಮ್ಯವಾದುದು. ಆದರೂ ದಿನವಿಡೀ ಮೆಣಸಿನಕಾಯಿಯ ತೊಟ್ಟು ಮುರಿದರೆ ಯಾರ ಬೆರಳಾದರೂ ಉರಿದೀತು. ಖಾರ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಉರಿ ಹೆಚ್ಚು. ಕಟುವಾದ ಸಾಬೂನು, ಮದ್ಯಸಾರ ಬೆರೆತ ದ್ರವಗಳು ಮುಖದ ಮೇಲೆ ಮಾಡುವುದೂ ಇದನ್ನೇ. ಎರಡನೆಯದು ಅಲರ್ಜಿ. ಶರೀರದ ರಕ್ಷಣಾವ್ಯವಸ್ಥೆಯು ಒಂದು ವಸ್ತುವನ್ನು ಶತ್ರುವೆಂದು ಒಮ್ಮೆ ಗುರುತಿಟ್ಟುಕೊಂಡಿತೆಂದರೆ, ಮುಂದೆ ಅದರ ಲವಲೇಶ ಸೋಕಿದರೂ ಒಂದೆರಡು ದಿನಗಳಲ್ಲಿ ಚರ್ಮ ಕೆಂಪೇರಿ, ತುರಿಸಿ, ನೀರುಗುಳ್ಳೆ ಏಳುತ್ತದೆ. ಹೀಗೆ ಗುರುತಿಡಲು ಕೆಲವರಲ್ಲಿ ವಾರಗಳು ಸಾಕು, ಕೆಲವರಲ್ಲಿ ವರ್ಷಗಳೇ ಹಿಡಿಯುತ್ತವೆ. ಆದಕಾರಣ “ಹತ್ತು ವರ್ಷದಿಂದ ಇದನ್ನೇ ಹಚ್ಚುತ್ತಿದ್ದೇನೆ” ಎಂಬುದು ಆ ವಸ್ತು ನಿರಪರಾಧಿಯೆನ್ನುವುದಕ್ಕೆ ಸಾಕ್ಷಿಯಾಗಲಾರದು. ಚರ್ಮಕ್ಕೂ ನೆನಪುಂಟು. ಆ ನೆನಪು ಸಾಮಾನ್ಯವಾಗಿ ಅಳಿಯುವುದಿಲ್ಲ.

ಕುಂಕುಮವನ್ನೇ ನೋಡೋಣ. ಅರಿಸಿನದ ಕೊಂಬನ್ನು ನಿಂಬೆಯ ರಸ ಮತ್ತು ಬಿಳಿಗಾರಗಳಲ್ಲಿ ನೆನೆಸಿ, ಒಣಗಿಸಿ, ಕುಟ್ಟಿ ಮಾಡುವುದು ಹಿಂದಿನ ಕ್ರಮ. ಅರಿಸಿನದಲ್ಲಿರುವ ಕರ್ಕ್ಯುಮಿನ್ ಬಿಳಿಗಾರದೊಡನೆ ಕೂಡಿ ಕೆಂಪು ತಾಳುತ್ತದೆ. ಅರಿಸಿನವೇ ಒಗ್ಗದವರು ಅಪರೂಪಕ್ಕೆ ಉಂಟು. ಆದರೆ ಇಂದು ಅಗ್ಗವಾಗಿ ದೊರೆಯುವ ಕುಂಕುಮ ಎಷ್ಟೋ ವೇಳೆ ಬಿಳಿಯ ಪುಡಿಗೆ ಕೃತಕ ವರ್ಣವನ್ನು ಬೆರೆಸಿದ್ದು. ಈ ವರ್ಗದ ಕೆಲವು ಬಣ್ಣಗಳು ಗುಳ್ಳೆಯನ್ನೆಬ್ಬಿಸದೆಯೇ ಹಣೆಯ ಮೇಲೆ ಕಂದುಗಪ್ಪು ಕಲೆಯನ್ನು ಉಳಿಸುತ್ತವೆ. 2007ರಲ್ಲಿ ಪುದುಚೇರಿಯ ವೈದ್ಯರು ಕುಂಕುಮದಿಂದ ಚರ್ಮದ ಉರಿಯೂತಕ್ಕೆ ಒಳಗಾದ 46 ಮಂದಿಯ ವಿವರವನ್ನು ಪ್ರಕಟಿಸಿದರು. ಕುಂಕುಮವು ಶ್ರದ್ಧೆಯ ವಸ್ತುವಾದುದರಿಂದ ಅದನ್ನು ಸಂಶಯಿಸಲು ಮನಸ್ಸು ಹಿಂಜರಿಯುತ್ತದೆ. ಸಂಶಯಿಸಬೇಕಾದುದು ಶ್ರದ್ಧೆಯನ್ನಲ್ಲ, ಪೊಟ್ಟಣದೊಳಗಿನ ಪುಡಿಯನ್ನು.

ಟಿಕಳಿಯ ವಿಷಯ ಇದಕ್ಕಿಂತ ಗಂಭೀರವಾದುದು. ಕೆಲವು ಅಂಟುಗಳಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕವಿರುತ್ತದೆ. ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲಬಲ್ಲದು. ಟಿಕಳಿಯ ಅಂಟಿನಿಂದ ಹೀಗೆ ಬಣ್ಣಗೆಡುವುದನ್ನು ಭಾರತದ ಚರ್ಮವೈದ್ಯರು 1990ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದರು. ಹಣೆಯ ನಡುವೆ ಟಿಕಳಿಯ ಅಳತೆಯ ಬಿಳಿಯ ಕಲೆ ಮೂಡುತ್ತದೆ. ಊರಿನ ಕಣ್ಣಿಗೆ ಅದು ತೊನ್ನು. ಮದುವೆಯ ಮಾತುಕತೆ ಮುರಿಯಲು, ಒಬ್ಬ ಹೆಣ್ಣುಮಗಳು ನಾಲ್ಕು ಜನರ ನಡುವೆ ಸೆರಗನ್ನು ಹಣೆಗೆಳೆದುಕೊಂಡು ಓಡಾಡಲು ಅಷ್ಟೇ ಸಾಕು. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲವೆಂಬುದನ್ನು ನಾವೆಲ್ಲ ಅರಿಯಬೇಕು. ಕಲೆ ಕಂಡ ಕೂಡಲೇ ಟಿಕಳಿಯನ್ನು ಬಿಟ್ಟು ವೈದ್ಯರನ್ನು ಕಂಡರೆ ಎಷ್ಟೋ ಜನರಲ್ಲಿ ಬಣ್ಣ ನಿಧಾನವಾಗಿ ಮರಳುತ್ತದೆ, ಕೆಲವರಲ್ಲಿ ಮರಳುವುದಿಲ್ಲ. ಕಲೆ ಮರೆಯಾಗಲೆಂದು ಇನ್ನೂ ದೊಡ್ಡ ಟಿಕಳಿಯನ್ನು ಅಂಟಿಸಿಕೊಳ್ಳುವುದು ಕಲೆಯನ್ನು ತಾನೇ ಬೆಳೆಸಿದಂತೆ.

ಬೆಲೆಯಾಗಲಿ ಕಂಪನಿಯ ಹೆಸರಾಗಲಿ ಅಭಯವಲ್ಲ. ಜಪಾನಿನ ಪ್ರಸಿದ್ಧ ಕಾನೆಬೊ ಕಂಪನಿ, ರೊಡೊಡೆಂಡ್ರಾಲ್ ಎಂಬ ವಸ್ತು ಬೆರೆಸಿದ ತನ್ನ ಬಿಳಿಕಾರಕ ಪ್ರಸಾಧನಗಳನ್ನು 2013ರ ಜುಲೈಯಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಮುಖ ಕೈಗಳಲ್ಲಿ ಬಿಳಿಯ ಮಚ್ಚೆಗಳೆದ್ದವರ ಸಂಖ್ಯೆ 19,000ವನ್ನು ಮೀರಿತು. ಆ ವಸ್ತುವೂ ಟಿಕಳಿಯ ಅಂಟಿನಲ್ಲಿರುವುದರ ರಾಸಾಯನಿಕ ಬಂಧುವೇ.

ಹಾಗಾದರೆ ನೈಸರ್ಗಿಕವಾದುದೆಲ್ಲ ನಿರಪಾಯವೇ? ಹೊಲದ ಬದುವಿನಲ್ಲಿ ಬೆಳೆಯುವ ಕಾಂಗ್ರೆಸ್ ಕಸ ಪೂರ್ಣ ನೈಸರ್ಗಿಕವೇ. ಅದರ ಒಣಗಿದ ಪುಡಿ ಗಾಳಿಯಲ್ಲಿ ತೇಲಿಬಂದು, ಅಲರ್ಜಿಯಿರುವವರ ಕಣ್ಣರೆಪ್ಪೆ, ಕತ್ತು, ಮೊಣಕೈಯ ಮಡಿಕೆಗಳಲ್ಲಿ ತೀವ್ರ ತುರಿಕೆಯನ್ನುಂಟುಮಾಡುತ್ತದೆ. ಪಾಪ, ಬೈಗಳು ಮಾತ್ರ ಕಾಡಿಗೆಗೆ! ಮುಡಿಯುವ ಸೇವಂತಿಗೆ, ಹಬ್ಬದ ಚೆಂಡುಹೂ, ಸೂರ್ಯಕಾಂತಿ ಇವೆಲ್ಲ ಅದೇ ಸಸ್ಯಕುಲದವು. ಕಾಂಗ್ರೆಸ್ ಕಸ ಒಗ್ಗದವರಲ್ಲಿ ಕೆಲವರಿಗೆ ಸೇವಂತಿಗೆಯೂ ಒಗ್ಗದು. ಡಬ್ಬಿಯ ಮೇಲೆ ಗಿಡಮೂಲಿಕೆಯ ಚಿತ್ರವಿದ್ದ ಮಾತ್ರಕ್ಕೆ ನಂಬುವಂತಿಲ್ಲ. ಕೆಂಗಂದು ಬಣ್ಣ ಕೊಡುವ ಮದರಂಗಿ ಸಾಧಾರಣವಾಗಿ ಸೌಮ್ಯವಾದುದು. ಆದರೆ ‘ಕಪ್ಪು ಮದರಂಗಿ’ಗೆ ಕಪ್ಪು ಬರುವುದು ಹೆಚ್ಚಾಗಿ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ವರ್ಣದಿಂದ. ಕೂದಲ ಕಪ್ಪಿನಲ್ಲಿರುವುದೂ ಅದೇ. ಅಂಥ ಕೂದಲ ಕಪ್ಪಿನ ಪೊಟ್ಟಣದ ಮೇಲೆ, ಮೊದಲು ಪರೀಕ್ಷಿಸಿ ನೋಡಬೇಕು, ಹುಬ್ಬು ರೆಪ್ಪೆಗಳಿಗೆ ಹಚ್ಚಬಾರದು, ಹಚ್ಚಿದರೆ ಕಣ್ಣು ಹೋದೀತು ಎಂಬ ಎಚ್ಚರಿಕೆ ಇರಲೇಬೇಕೆಂಬುದು ನಮ್ಮ ದೇಶದ ನಿಯಮ. ಅದನ್ನು ಓದುವವರು ವಿರಳ.

ಇನ್ನು ಮುಖ ಬೆಳ್ಳಗಾಗಿಸುವ ಕ್ರೀಮುಗಳು. ಬೀಟಾಮೆಥಸೋನ್, ಮೊಮೆಟಸೋನ್ ಮೊದಲಾದ ಸ್ಟಿರಾಯ್ಡುಗಳಿರುವ ಮುಲಾಮುಗಳು ಔಷಧಗಳು, ಪ್ರಸಾಧನಗಳಲ್ಲ. ಹಚ್ಚಿದ ಕೆಲವು ದಿನ ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನರಗಳು ಕಾಣಿಸಿ, ಮೊಡವೆ ಕೂದಲುಗಳು ಹೆಚ್ಚಿ, ಬಿಸಿಲು ತಾಗಿದರೆ ಉರಿಯತೊಡಗುತ್ತದೆ. ಬಿಟ್ಟರೆ ಇನ್ನಷ್ಟು ಕೆಂಪೇರುವುದರಿಂದ ಬಿಡಲೂ ಆಗದು. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ಕೇಂದ್ರ ಸರಕಾರ ವಿಧಿಸಿತು. ಹುಟ್ಟಿನಿಂದ ಸೂಕ್ಷ್ಮವಲ್ಲದ ಚರ್ಮವನ್ನು ನಾವಾಗಿಯೇ ಸೂಕ್ಷ್ಮವಾಗಿಸಿಕೊಳ್ಳುವ ದಾರಿ ಇದು. ಕಪ್ಪು ಬಣ್ಣ ರೋಗವಲ್ಲ, ಬಿಸಿಲ ನಾಡಿನಲ್ಲಿ ಅದು ಚರ್ಮದ ಕೊಡೆ.

ಆಯ್ಕೆಯ ಕ್ರಮ ಕಷ್ಟದ್ದೇನಲ್ಲ. ತಯಾರಕರ ಹೆಸರು, ವಿಳಾಸ, ಘಟಕಗಳ ಪಟ್ಟಿ ಇಲ್ಲದ ಡಬ್ಬಿ ಬೇಡ. ಪಟ್ಟಿ ಚಿಕ್ಕದಾದಷ್ಟೂ ಒಳ್ಳೆಯದು, ಪರಿಮಳ ಬೆರೆಸದಿದ್ದರೆ ಮತ್ತೂ ಒಳ್ಳೆಯದು, ಏಕೆಂದರೆ ಪ್ರಸಾಧನದ ಅಲರ್ಜಿಗೆ ಮುಖ್ಯ ಕಾರಣಗಳಲ್ಲಿ ಸುಗಂಧವೂ ಒಂದು. ‘ಸೂಕ್ಷ್ಮ ಚರ್ಮಕ್ಕಾಗಿಯೇ’ ಎಂಬ ಬರಹ ಮಾರುವವರ ಮಾತು, ಪರೀಕ್ಷೆಯ ಫಲವಲ್ಲ. ಹೊಸ ಕ್ರೀಮನ್ನೋ ಪೌಡರನ್ನೋ ಮೊಣಕೈಯ ಒಳಮಡಿಕೆಯಲ್ಲಿ ದಿನಕ್ಕೆರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡಬೇಕು. ತುರಿಕೆಯಿಲ್ಲದಿದ್ದರೆ ಮಾತ್ರ ಮುಖಕ್ಕೆ. ಒಮ್ಮೆಗೆ ಒಂದೇ ಹೊಸ ವಸ್ತು, ಇಲ್ಲವಾದರೆ ತಪ್ಪು ಯಾರದೆಂದು ತಿಳಿಯದು. ಕೂದಲ ಕಪ್ಪಿನಿಂದ ಒಮ್ಮೆ ಮುಖ ಊದಿಕೊಂಡವರು ಮನೆಯ ಪರೀಕ್ಷೆಗೂ ಕೈಹಾಕಬಾರದು. ಕಾರಣ ಗೊತ್ತಾಗದೆ ಮತ್ತೆ ಮತ್ತೆ ತುರಿಕೆ ಬರುತ್ತಿದ್ದರೆ ಚರ್ಮವೈದ್ಯರಲ್ಲಿ ಪಟ್ಟಿ ಪರೀಕ್ಷೆ ಇದೆ. 1895ರಲ್ಲಿ ಯಾಡಸೋನ್ ಎಂಬ ವೈದ್ಯರು ವಿವರಿಸಿದ ಕ್ರಮ ಅದು. ಶಂಕಿತ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, ಎರಡು ದಿನಗಳ ಮೇಲೆ ತೆಗೆದು, ಅನಂತರವೂ ನೋಡಿ, ಅಪರಾಧಿಯನ್ನು ಹೆಸರು ಹಿಡಿದು ಹೇಳುತ್ತಾರೆ. ಆ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಪ್ರತಿಯೊಂದು ಡಬ್ಬಿಗೂ ಅದೇ ಒರೆಗಲ್ಲು.

ಡಬ್ಬಿಗಳ ಮೇಲಿನ ಘಟಕಗಳ ಪಟ್ಟಿ ಸಣ್ಣ ಅಕ್ಷರದಲ್ಲಿ, ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ. ಮನೆಯಲ್ಲಿ ಓದು ಬಲ್ಲ ಮಕ್ಕಳು ಅದನ್ನು ಅವ್ವನಿಗೂ ಅಜ್ಜಿಗೂ ಓದಿ ಹೇಳಲಿ. ಹಣೆಯ ಮೇಲೆ ದಿನವೂ ಏನನ್ನು ಧರಿಸುತ್ತಿದ್ದೇವೆಂದು ತಿಳಿದುಕೊಳ್ಳುವ ಹಕ್ಕು ಅವರಿಗೂ ಇದೆ.