ಕಪ್ಪಿನ ಮೇಲೆ ಬಂದ ದೂರು

1824ರಲ್ಲಿ ಪ್ಯಾರಿಸ್ಸಿನ ಗೋಬ್ಲಾ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ನಿರ್ದೇಶಕನಾಗಿ ಬಂದ ಮಿಶೆಲ್ ಯೂಜೀನ್ ಶೆವ್ರೂಲ್‌ನನ್ನು ಎದುರುಗೊಂಡದ್ದು ದೂರುಗಳ ರಾಶಿ. ಅರಮನೆಯ ಗೋಡೆಗಳಿಗೆ ಚಿತ್ರದ ತೆರೆಗಳನ್ನು ನೇಯುತ್ತಿದ್ದ ರಾಜಮನೆತನದ ಕಾರ್ಖಾನೆ ಅದು. ತಿಳಿನೀಲಿ, ನೇರಳೆ, ಬೂದು, ಕಂದು ಬಣ್ಣಗಳು ನಿಲ್ಲುವುದಿಲ್ಲ ಎಂಬುದು ಒಂದು ದೂರು. ಶೆವ್ರೂಲ್ ಪರೀಕ್ಷಿಸಿದ, ಅದು ನಿಜವೇ ಆಗಿತ್ತು. ಅವನನ್ನು ಕಾಡಿದ್ದು ಇನ್ನೊಂದು. ನೀಲಿ, ನೇರಳೆ ಉಡುಪಿನ ನೆರಿಗೆಗಳಲ್ಲಿ ನೆರಳು ತೋರಿಸಲು ಬಳಸುತ್ತಿದ್ದ ಕಪ್ಪು ಉಣ್ಣೆಗೆ ಕಸುವೇ ಇಲ್ಲ ಎಂಬ ದೂರು.

ಶೆವ್ರೂಲ್ ರಸಾಯನ ವಿಜ್ಞಾನಿ. ಕೊಬ್ಬಿನ ಒಳಗುಟ್ಟು ಬಿಡಿಸಿ, ಸಾಬೂನು ಹೇಗೆ ಆಗುತ್ತದೆಂದು ತೋರಿಸಿದವನು. ತಪ್ಪಿದ್ದರೆ ಅದು ಬಣ್ಣದ ಕಡಾಯಿಯಲ್ಲೇ ಇರಬೇಕೆಂದು ಹುಡುಕಲು ಹೊರಟ. ಫ್ರಾನ್ಸಿನ ಮತ್ತು ಹೊರದೇಶಗಳ ಹೆಸರಾಂತ ಕಾರ್ಖಾನೆಗಳಿಂದ ಕಪ್ಪು ಉಣ್ಣೆ ತರಿಸಿ, ಗೋಬ್ಲಾದ ಉಣ್ಣೆಯ ಪಕ್ಕದಲ್ಲಿಟ್ಟು ನೋಡಿದ. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ. ಬಣ್ಣದಲ್ಲಿ ದೋಷವಿರಲಿಲ್ಲ, ದೂರಿದವರು ಸುಳ್ಳು ಹೇಳುತ್ತಲೂ ಇರಲಿಲ್ಲ. ದೂರಿಗೆ ಆಧಾರವಿಲ್ಲ ಎಂದು ಬರೆದು ಕಡತ ಮುಚ್ಚಬಹುದಿತ್ತು. ಅವನು ಮುಚ್ಚಲಿಲ್ಲ.

ಒಂಟಿಯಾಗಿದ್ದಾಗ ದಟ್ಟವಾಗಿದ್ದ ಕಪ್ಪು ತೆರೆಯೊಳಗೆ ಸೇರಿದಾಗ ಪೇಲವವಾಗುತ್ತಿತ್ತು. ಬದಲಾಗಿದ್ದದ್ದು ಎಳೆಯಲ್ಲ, ಅದರ ನೆರೆ. ಶೆವ್ರೂಲ್ ಬಣ್ಣದ ಪಟ್ಟಿಗಳನ್ನು ಜೋಡಿ ಜೋಡಿಯಾಗಿ ಒತ್ತಿಟ್ಟ. ಅದೇ ಬಣ್ಣದ ಇನ್ನೆರಡು ಪಟ್ಟಿಗಳನ್ನು ದೂರದಲ್ಲಿಟ್ಟ. ಒತ್ತಿಟ್ಟ ಪಟ್ಟಿಗಳು ದೂರವಿದ್ದ ತಮ್ಮ ಜೊತೆಗಾರರಿಗಿಂತ ಬೇರೆಯಾಗಿ ಕಂಡವು! 1828ರಲ್ಲಿ ವಿಜ್ಞಾನ ಅಕಾಡೆಮಿಯ ಮುಂದೆ ವಿಷಯ ಮಂಡಿಸಿದ. ದೊಡ್ಡ ಗ್ರಂಥವಾಗಿ ಅದು ಹೊರಬಂದದ್ದು 1839ರಲ್ಲಿ.

ಪಕ್ಕದ ಬಣ್ಣ ಕಣ್ಣಿಗೆ ಕಾಣುವ ಬಣ್ಣವನ್ನು ಬದಲಿಸುತ್ತದೆ ಎಂಬ ಈ ನಿಯಮ ಬೀದಿಗೆ ಬಂದ ಪ್ರಸಂಗ ಇಡೀ ಕತೆಯಲ್ಲೇ ಸೊಗಸಾದದ್ದು. ವ್ಯಾಪಾರಿಗಳು ಅಚ್ಚುಗಾರರಿಗೆ ಕೆಂಪು, ನೇರಳೆ, ನೀಲಿ ಬಟ್ಟೆ ಕೊಟ್ಟು ಕಪ್ಪು ವಿನ್ಯಾಸ ಅಚ್ಚು ಹಾಕಲು ಹೇಳಿದ್ದರು. ಮರಳಿ ಬಂದಾಗ ಕೆಂಪಿನ ಮೇಲಿನ ವಿನ್ಯಾಸ ಹಸಿರಾಗಿ, ನೀಲಿಯ ಮೇಲಿನದು ತಾಮ್ರದ ಛಾಯೆಯಲ್ಲಿ ಕಂಡಿತು. ಕೊಟ್ಟ ಮಾತಿಗೆ ತಪ್ಪಿದಿರಿ ಎಂದು ಜಗಳ ಎದ್ದಿತು. ಶೆವ್ರೂಲ್ ವಾದಿಸಲು ಹೋಗಲಿಲ್ಲ. ಬಿಳಿ ಕಾಗದ ಕತ್ತರಿಸಿ, ವಿನ್ಯಾಸವಷ್ಟೇ ಕಾಣುವಂತೆ ಬಟ್ಟೆಯ ಮೇಲೆ ಹೊದಿಸಿದ. ವಿನ್ಯಾಸ ಅಪ್ಪಟ ಕಪ್ಪಾಗಿತ್ತು.

ಬೂದು ಬಣ್ಣ ಕಪ್ಪಿಗಿಂತ ಬೇಗ ಸೋಲುತ್ತಿತ್ತು. ಹಸಿರಿನ ಪಕ್ಕದಲ್ಲಿ ನಸುಗೆಂಪು, ಕಿತ್ತಳೆಯ ಪಕ್ಕದಲ್ಲಿ ನೀಲಿ, ಕೆಂಪಿನ ಪಕ್ಕದಲ್ಲಿ ಹಸಿರು. ಮನೆಯ ಒಳಾಲಂಕಾರದ ಬಗ್ಗೆಯೂ ಬರೆದ ಶೆವ್ರೂಲ್, ಯಾವ ಬಣ್ಣವಾದರೂ ಗಾಢವಾದ ಗೋಡೆತೆರೆ ಬೇಡವೆಂದ. ಅದು ಬೆಳಕನ್ನು ವಿಪರೀತ ನುಂಗುತ್ತದೆ ಎಂಬುದು ಅವನ ಆಕ್ಷೇಪ. ಎಣ್ಣೆದೀಪದ ಕಾಲಕ್ಕೆ ಅದು ತಕ್ಕ ಮಾತೇ ಆಗಿತ್ತು.

ವಿದ್ಯುತ್ ದೀಪ, ದೊಡ್ಡ ಕಿಟಕಿಗಳ ಮನೆಗಳಿಗೆ ಗಾಢ ಬೂದು ಬಂದಾಗ ಹಳೆಯ ದೂರೂ ಜೊತೆಗೆ ಬಂತು. ಹೈದರಾಬಾದಿನ ಅಂಚಿನ ಪಟಾನ್‌ಚೆರು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೈಗಾರಿಕೆಯ ಊರಾಗಿ ಬೆಳೆಯಿತು. ಏಷ್ಯನ್ ಪೇಂಟ್ಸ್ ಕಾರ್ಖಾನೆಯೂ ಅಲ್ಲಿ ಎದ್ದಿತು. ಡಬ್ಬಿಯೊಳಗೆ ಬೂದನ್ನು ಹಿಡಿದು ನಿಲ್ಲಿಸುವ ಉಪಾಯ ಇಂಥ ಕಾರ್ಖಾನೆಗಳಲ್ಲಿ ಬಣ್ಣ ಬೆರೆಸುವವರಿಗೆ ಗೊತ್ತಿತ್ತು. ಬಿಳಿಗೆ ಬರೀ ದೀಪದ ಮಸಿಯ ಕಪ್ಪು ಬೆರೆಸಿದರೆ ಬೂದು ನೀಲಿಯತ್ತ ವಾಲುತ್ತದೆ. ಹಳದಿ, ಕೆಂಪು ಆಕ್ಸೈಡ್‌ಗಳ ಹನಿ ಬಿಟ್ಟು ಅದನ್ನು ಸಮಕ್ಕೆ ತರುತ್ತಿದ್ದರು. ಡಬ್ಬಿಯಲ್ಲಿ ಸಮವಾಗಿದ್ದ ಅದೇ ಬಣ್ಣ ಕೆಂಪು ಗಾರೆ ನೆಲದ ಮೇಲಿನ ಗೋಡೆಗೆ ಏರಿದೊಡನೆ ಹಸಿರಿಗೆ ತಿರುಗಿದರೆ ಯಾವ ಹನಿಯನ್ನು ಬಿಡುವುದು?

ಬಣ್ಣ ಹೀಗೆ ತಿರುಗುವ ಕಾರಣದ ಒಂದು ಸುಳಿವು ಕೊಟ್ಟದ್ದು ಏಡಿಯ ಹೆಸರು ಹೊತ್ತ ಒಂದು ಕಡಲಜೀವಿ, ಅದೂ ಆಕಸ್ಮಿಕವಾಗಿ. 1930ರ ದಶಕದಲ್ಲಿ ಅಮೆರಿಕದ ಹಾಲ್ಡನ್ ಕೆಫರ್ ಹಾರ್ಟ್‌ಲೈನ್ ಲಾಳದ ಏಡಿಯ ಕಣ್ಣಿನ ಒಂದೊಂದೇ ನರದ ಎಳೆಯ ಮಿಡಿತವನ್ನು ಅಳೆಯುತ್ತಿದ್ದ. ಕೋಣೆಯ ಬೇರೆ ದೀಪದ ಬೆಳಕು ಕಣ್ಣಿನ ಮೇಲೆ ಬಿದ್ದಾಗ ಮಿಡಿತ ಏರಬೇಕಿತ್ತು, ಇಳಿಯಿತು. ಉಪಕರಣದ ದೋಷವೆಂದು ಅವನು ಬದಿಗೆ ಸರಿಸಲಿಲ್ಲ. ಬೆಳಕು ಕಂಡ ಪ್ರತಿ ಘಟಕವೂ ತನ್ನ ನೆರೆಯ ಘಟಕಗಳನ್ನು ಅದುಮುತ್ತದೆ ಎಂದು ವರ್ಷಗಳ ದುಡಿಮೆಯಿಂದ ತೋರಿಸಿದ. 1967ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವನೂ ಒಬ್ಬನಾದ.

ಮನುಷ್ಯರ ಕಣ್ಣು, ಮಿದುಳು ಇನ್ನಷ್ಟು ಜಟಿಲವಾದರೂ ಅಲ್ಲೂ ನೆರೆಯ ಜೊತೆಗಿನ ಈ ಹಗ್ಗಜಗ್ಗಾಟ ಕಂಡುಬಂತು. ನೆಲದ ಕೆಂಪು ಪಕ್ಕದ ಗೋಡೆಯಲ್ಲಿ ಕಾಣುವ ಕೆಂಪನ್ನು ತಗ್ಗಿಸುತ್ತದೆ, ಬೂದಿನ ಸಮತೂಕ ತಪ್ಪಿ ಹಸಿರು ಮಿಕ್ಕುತ್ತದೆ. ನೆಲದ ಗಾಢತೆಯೂ ಗೋಡೆಯ ಗಾಢತೆಯೂ ಹತ್ತಿರವಾದಷ್ಟು ಈ ಛಾಯೆ ಬಲವಾಗುತ್ತದೆ.